ಬೀದಿಯಲ್ಲಿ ಬದುಕುವ ಮಾನಸಿಕ ಅಸ್ವಸ್ಥರಿಗೆ ಸರ್ಕಾರದ ಹಣ ಇದೆಯೇ?

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದ ಸುತ್ತ ಮಾನಸಿಕ ಅಸ್ವಸ್ಥರು ವರ್ಷಗಟ್ಟಲೆ ಬಿದ್ದುಕೊಂಡಿರುತ್ತಾರಲ್ಲ, ಇವರಿಗೆಂದು ಸರ್ಕಾರದಲ್ಲಿ ಹಣವೇ ಇಲ್ಲವೇ ಎಂದು ಕೇಳಿದ್ದೀರಿ. ಇದೆ. ಅದರಲ್ಲಿ ಸ್ವಲ್ಪ ನಿಮ್ಮದೇ ಹಣ. ಊರಲ್ಲಿ ಸ್ವಂತ ಮನೆಯಿದ್ದರೆ ಆಸ್ತಿ ತೆರಿಗೆಯ ಲೆಕ್ಕ ತೆಗೆದು ನೋಡಿ. ಗ್ರಂಥಾಲಯ ಕರ, ಆರೋಗ್ಯ ಕರದ ಜೊತೆಗೆ ಭಿಕ್ಷುಕರ ಕರವೂ ಸೇರಿರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ತೆರಿಗೆಯ ಮೇಲೆ ಶೇ. 3ರಷ್ಟು ವಸೂಲು ಮಾಡುವ ಈ ಹಣವನ್ನು ಸ್ಥಳೀಯ ಸಂಸ್ಥೆಗಳು ರಾಜ್ಯದ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಭಿಕ್ಷುಕರನ್ನು ಇರಿಸಿಕೊಳ್ಳುವ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯಬೇಕಾದದ್ದು ಅದರಿಂದಲೇ.

ಎರಡನೆಯದು ಮನೆಯಿಲ್ಲದವರ ಆಶ್ರಯ ಕೇಂದ್ರದ ಹಣ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರ ಇರಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2011ರ ಜನಗಣತಿಯಲ್ಲಿಯೇ ನಮ್ಮ ಊರಿನ ಜನಸಂಖ್ಯೆ ಐದು ಲಕ್ಷ ದಾಟಿತ್ತು, ಅಂದರೆ ಕನಿಷ್ಠ ಐದು ಕೇಂದ್ರ ಬೇಕು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ 50 ಜನರ ಒಂದು ಕೇಂದ್ರದ ನಿರ್ವಹಣೆಗೆ ವರ್ಷಕ್ಕೆ ಆರು ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿತು. ಭಾಗಿಸಿ ನೋಡಿ, ಒಬ್ಬರಿಗೆ ದಿನಕ್ಕೆ 33 ರೂಪಾಯಿ. ಕಾವಲು, ಸ್ವಚ್ಛತೆ, ವಿದ್ಯುತ್, ಸಿಬ್ಬಂದಿಯ ಸಂಬಳ ಎಲ್ಲವೂ ಅಷ್ಟರಲ್ಲೇ.

ಮೂರನೆಯದು ಆರೋಗ್ಯ ಇಲಾಖೆಯ ಹಣ. ಇದರಲ್ಲಿ ನಮ್ಮ ಭಾಗಕ್ಕೆ ಹೆಮ್ಮೆಯ ಸಂಗತಿಯೂ ಒಂದಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿ. ಹಳ್ಳಿಯ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದರೆ ಮಾನಸಿಕ ಕಾಯಿಲೆಗೆ ಊರಿನಲ್ಲೇ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಯೋಜನೆಯಾಗಿ ತಂದಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರು ನೋಡುವ ವ್ಯವಸ್ಥೆಯೂ ಇದೆ. ದೇವಲ ಗಾಣಗಾಪುರಕ್ಕೆ ದೆವ್ವ ಬಿಡಿಸಲೆಂದು ರೋಗಿಗಳನ್ನು ದೂರದೂರದಿಂದ ಕರೆತರುವ ಮನೆಯವರನ್ನು ನಾನು ಜರಿಯುವುದಿಲ್ಲ. ದತ್ತನ ಸೇವೆ ಮಾಡಲಿ, ಹಾಗೆಯೇ ಹತ್ತಿರದ ಸರ್ಕಾರಿ ಆಸ್ಪತ್ರೆಗೂ ಒಮ್ಮೆ ಹೋಗಿ ಬರಲಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ಇಷ್ಟೆಲ್ಲ ಇದ್ದೂ ನಿಮ್ಮ ಕಣ್ಣಿಗೆ ಏಕೆ ಕಾಣುವುದಿಲ್ಲ? ಈ ಊರಿನ ಒಂದು ಆಶ್ರಯ ಕೇಂದ್ರದಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ರೈಲು ನಿಲ್ದಾಣದ ಎದುರು ತೆಲುಗು ಮಾತನಾಡುವ ಹೆಂಗಸೊಬ್ಬಳು ಇರುತ್ತಿದ್ದಳು. ಉರಿಬಿಸಿಲಿನಲ್ಲೂ ಮೈಮೇಲೆ ಒಂದರ ಮೇಲೊಂದು ಸೀರೆ, ಮುಂಗೈಗೆ ಬಿಗಿದುಕೊಂಡ ಪ್ಲಾಸ್ಟಿಕ್ ಚೀಲಗಳು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಸಮಾಧಾನದಿಂದ ನೋಡಿದರು, ದಾಖಲು ಮಾಡಿಕೊಳ್ಳಲು ಒಪ್ಪಿದರು. ವಾರ್ಡಿಗೆ ಹೋದರೆ ಮೊದಲ ಪ್ರಶ್ನೆ, "ಜೊತೆಗೆ ಯಾರಿರುತ್ತೀರಿ?" ನರ್ಸ್ ಕೇಳಿದ್ದು ಕೋಪದಿಂದಲ್ಲ. ರಾತ್ರಿ ಇಡೀ ವಾರ್ಡಿಗೆ ಅವರೊಬ್ಬರೇ. ಜೊತೆಗಿರಲು ಯಾರೂ ಇಲ್ಲದ್ದರಿಂದ ಹದಿನೈದು ದಿನದ ಗುಳಿಗೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಕಳುಹಿಸಿದರು. ಬೆಳಿಗ್ಗೆ ಒಂದು, ರಾತ್ರಿ ಎರಡು. ಮನೆಯಿಲ್ಲದವಳು ಅದನ್ನು ಎಲ್ಲಿ ಇಡಬೇಕು, ರಾತ್ರಿಯದನ್ನು ಯಾರು ನೆನಪಿಸಬೇಕು? ನಮ್ಮ ಕೇಂದ್ರದಲ್ಲಿ ಇಟ್ಟುಕೊಳ್ಳೋಣವೆಂದರೆ, ತಮ್ಮನ್ನು ತಾವು ನೋಡಿಕೊಳ್ಳಬಲ್ಲವರನ್ನು ಮಾತ್ರ ಸೇರಿಸಿಕೊಳ್ಳಿ ಎಂದು ಮೇಲಿನವರ ಮಾತು. ಮಳೆ ಬಂದ ಮೇಲೆ ಹೋಗಿ ನೋಡಿದರೆ ಪೊಟ್ಟಣ ಚೀಲದೊಳಗೆ ತೊಯ್ದು ಗುಳಿಗೆಗಳೆಲ್ಲ ಹಿಟ್ಟಾಗಿದ್ದವು.

ಮಾತ್ರೆಗೆ ಹಣವಿದೆ, ಸೂರಿಗೆ ಹಣವಿದೆ. ಆಸ್ಪತ್ರೆಯಿಂದ ಆಶ್ರಯದವರೆಗೆ ಅವಳ ಕೈ ಹಿಡಿದು ನಡೆಯುವವರಿಗೆ, ವಾರ್ಡಿನಲ್ಲಿ ಪಕ್ಕದಲ್ಲಿ ಕೂರುವವರಿಗೆ, ದಿನವೂ ಗುಳಿಗೆ ನುಂಗಿಸುವವರಿಗೆ ಯಾವ ಇಲಾಖೆಯೂ ಸಂಬಳ ಕೊಡುವುದನ್ನು ನಾನು ನೋಡಲಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು, ಮಂಡಳಿಯ ಕಚೇರಿ ಇದೇ ಊರಿನಲ್ಲಿದೆ. ನಮ್ಮ ಜನಪ್ರತಿನಿಧಿಗಳು ಕಟ್ಟಡ ಕೇಳುವಷ್ಟು ಉತ್ಸಾಹದಿಂದ ಆರೈಕೆ ಮಾಡುವವರ ಸಂಬಳವನ್ನೂ ಕೇಳಬೇಕು. ಹೊಸ ಕಟ್ಟಡಕ್ಕಿಂತ ಮೊದಲು ಬೇಕಾದದ್ದು ಅದೇ ಎಂದು ನಾನು ಬಲವಾಗಿ ನಂಬಿದ್ದೇನೆ.

ಕಾನೂನಂತೂ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಮಾನಸಿಕ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ದಾಖಲು ಮಾಡುವಷ್ಟು ಕಾಯಿಲೆ ಇಲ್ಲವೆಂದು ವೈದ್ಯರು ಹೇಳಿದರೆ, ಮನೆಯಿಲ್ಲದವರನ್ನು ಸರ್ಕಾರಿ ಆಶ್ರಯಕ್ಕೆ ತಲುಪಿಸಬೇಕು, ಅವರ ಮನೆಯವರನ್ನೂ ಹುಡುಕಬೇಕು. ನಿರ್ಗತಿಕರಿಗೆ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೇಳುವಂತಿಲ್ಲ ಎಂದು 18ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ನೀವು ನೋಡಿದವರ ಸ್ಥಿತಿ ಕೆಟ್ಟಿದ್ದರೆ ಇಂದೇ 112ಕ್ಕೆ ಕರೆ ಮಾಡಿ, 100ನೇ ಸೆಕ್ಷನ್ ಎಂದು ಹೇಳಿ. ಸಂಖ್ಯೆ ಹೇಳಿದರೆ ಮಾತಿಗೆ ತೂಕ ಬರುತ್ತದೆ. ಹೇಗೆ ಮಾತನಾಡಿಸಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕೇಳಿ, ಕನ್ನಡದಲ್ಲೇ ಹೇಳುತ್ತಾರೆ.

ಆಮೇಲೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಪಾಲಿಕೆಗೆ ಒಂದು ಅರ್ಜಿ ಹಾಕಿ. ಕಳೆದ ಮೂರು ವರ್ಷಗಳಲ್ಲಿ ವಸೂಲಾದ ಭಿಕ್ಷುಕರ ಕರ ಎಷ್ಟು, ಅದರಲ್ಲಿ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಿದ್ದು ಎಷ್ಟು, ಈ ಎರಡನ್ನೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಆಶ್ರಯ ಕೇಂದ್ರಗಳಲ್ಲಿ ರಾತ್ರಿ ಪಾಳಿಗೆ ಎಷ್ಟು ಸಿಬ್ಬಂದಿ ಇದ್ದಾರೆ, ಅವರಿಗೆ ಎಷ್ಟು ಸಂಬಳ ಎಂಬ ಅರ್ಜಿಯನ್ನು ನಾನು ಹಾಕುತ್ತೇನೆ.