ಬೆರಳು ಮಡಚಿ ಲೆಕ್ಕ ಮಾಡುವ ಪುಟ್ಟಿ

(ಗುರುತು ಸಿಗದ ಹಾಗೆ ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಜುಲೈ ತಿಂಗಳ ಒಂದು ಬೆಳಿಗ್ಗೆ, ಮಳೆಯಲ್ಲೇ ಕಾರವಾರದಲ್ಲಿ ಮಕ್ಕಳ ಕಲಿಕೆಯ ಬಗ್ಗೆ ಸಲಹೆ ಕೊಡುವ ನನ್ನ ಕೋಣೆಗೆ ಮೂವರು ಬಂದರು. ಅಪ್ಪ, ಅಜ್ಜಿ, ಆರೂವರೆ ವರ್ಷದ ಹುಡುಗಿ. ಅವಳನ್ನು ಇಲ್ಲಿ ಪುಟ್ಟಿ ಅನ್ನುತ್ತೇನೆ. ಅಮ್ಮನಿಗೆ ಕೆಲಸಕ್ಕೆ ರಜೆ ಸಿಕ್ಕಿರಲಿಲ್ಲ.

ಅಪ್ಪ ಮೀನುಗಾರಿಕೆ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಮಗಳ ಪುಸ್ತಕ ಬಿಡಿಸಿ ನೋಡಲು ಅವರಿಗೆ ಪುರುಸೊತ್ತು ಸಿಗುವುದು ಆ ಎರಡು ತಿಂಗಳು ಮಾತ್ರ. ಈ ಸಲ ನೋಡಿದವರೇ ಹೆದರಿಬಿಟ್ಟಿದ್ದರು.

ಪುಟ್ಟಿ ಒಂದನೇ ತರಗತಿ. 13ರಲ್ಲಿ 5 ಕಳೆ ಅಂದರೆ ಬೆರಳು ಮಡಚುತ್ತಾಳೆ. 3 ಮತ್ತು 7 ತಿರುವುಮುರುವಾಗಿ ಬರೆಯುತ್ತಾಳೆ. ಬೆರಳು ಎಣಿಸಬಾರದು ಎಂದು ಶಾಲೆಯಲ್ಲಿ ಹೇಳಿದ್ದಾರೆ. ಮನೆಯಲ್ಲಿ ಅಪ್ಪ ಅವಳಿಗೆ ಕೈ ಕಟ್ಟಿ ಕೂರಲು ಹೇಳಿ ಲೆಕ್ಕ ಕೇಳಿದ್ದಾರೆ. ಎರಡು ಸಲ ಹೊಡೆದೂ ಬಿಟ್ಟಿದ್ದಾರೆ. ಅದನ್ನು ಹೇಳುವಾಗ ಅವರು ತಲೆ ಎತ್ತಲಿಲ್ಲ.

"ಲೆಕ್ಕ ಬರದೇ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು ಮೇಡಂ. ಇವಳೂ ಹಾಗೇ ಆದ್ರೆ?"

ಪುಟ್ಟಿ ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂತಿದ್ದಳು. ನಾನು ಹೆಸರು ಕೇಳಿದಾಗಲೂ ಕೈ ಹೊರಗೆ ಬರಲಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಆಗ ಬಾಯಿ ಬಿಟ್ಟರು. ಮಳೆಗಾಲದಲ್ಲಿ ಅವರು ಸಂತೆಯಲ್ಲಿ ಒಣಮೀನು ಮಾರುತ್ತಾರೆ. ಒಣ ಬಂಗಡೆಯನ್ನು ಐದೈದು ಇಟ್ಟು ಪಾಲು ಮಾಡುವುದು ಪುಟ್ಟಿಯ ಕೆಲಸ. ನಾಲ್ಕು ಪಾಲು ಅಂದರೆ ಐದು, ಹತ್ತು, ಹದಿನೈದು, ಇಪ್ಪತ್ತು ಅಂತ ಹೇಳುತ್ತಾಳಂತೆ. "ಮೊನ್ನೆ ಒಬ್ಬರು ಹದಿಮೂರು ತೆಗ್ದು ಐದು ವಾಪಸ್ ಇಟ್ರು ತಂಗಿ. ಎಂಟಕ್ಕೆ ದುಡ್ಡು ಕೊಡಿ ಅಂದ್ಲು ಇವಳು. ನಾನು ಇನ್ನೂ ಎಣಿಸ್ತಾ ಇದ್ದೆ!"

ಅದೇ 13, ಅದೇ 5. ಅಪ್ಪ ಅಜ್ಜಿಯ ಮುಖ ನೋಡಿದರು. ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ.

ನಾನು ಎರಡು ಒಂದೇ ಥರದ ಲೋಟ ತಂದು ಸಮ ಸಮ ಕೋಕಂ ಶರಬತ್ತು ಹಾಕಿದೆ. ಎರಡರಲ್ಲೂ ಅಷ್ಟೇ ಇದೆಯಾ ಎಂದು ಕೇಳಿದೆ. ಪುಟ್ಟಿ ಬಗ್ಗಿ ಕಣ್ಣಿಟ್ಟು ನೋಡಿ, ಹೌದು ಅಂದಳು. ಆಮೇಲೆ ಅವಳೆದುರೇ ಒಂದು ಲೋಟದ್ದನ್ನು ಸಪೂರವಾದ ಎತ್ತರದ ಗ್ಲಾಸಿಗೆ ಸುರಿದೆ. ಈಗ ಯಾವುದರಲ್ಲಿ ಜಾಸ್ತಿ? "ಇದ್ರಲ್ಲಿ," ಎಂದು ಗದ್ದದಿಂದಲೇ ಗ್ಲಾಸು ತೋರಿಸಿದಳು. ಯಾಕೆ? "ಮೇಲೆ ತನಕ ಬಂತಲ್ಲ."

"ನೋಡಿ ಮೇಡಂ, ಕಣ್ಣೆದುರೇ ಸುರಿದ್ರೂ ಗೊತ್ತಾಗುದಿಲ್ಲ," ಎಂದು ಅಪ್ಪ ಕುಗ್ಗಿಹೋದರು.

ಇದು ದಡ್ಡತನ ಅಲ್ಲವೇ ಅಲ್ಲ. ನಿಮ್ಮ ಓಣಿಯ ನಾಲ್ಕೈದು ವರ್ಷದ ಮಕ್ಕಳನ್ನೆಲ್ಲ ಕೇಳಿ ನೋಡಿ, ಹೆಚ್ಚಿನವರು ಇದನ್ನೇ ಹೇಳುತ್ತಾರೆ ಎಂದೆ. ಈ ಪರೀಕ್ಷೆ ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಅವರದ್ದು. 1896ರಲ್ಲಿ ಹುಟ್ಟಿದವರು. ಹರೆಯದಲ್ಲಿ ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಸರಿ ಉತ್ತರ ಎಷ್ಟು ಎಂದು ಎಣಿಸಿದರೆ ಸಾಕಿತ್ತು. ಅವರ ಕಣ್ಣು ಬಿದ್ದದ್ದು ತಪ್ಪು ಉತ್ತರಗಳ ಮೇಲೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಿದ್ದರು. ಅಂದರೆ ಆ ತಪ್ಪಿನ ಹಿಂದೆ ಒಂದು ಯೋಚನೆ ಇದೆ, ಅಲ್ವಾ? ನನ್ನ ಇಡೀ ಕೆಲಸ ನಿಂತಿರುವುದು ಈ ಒಂದು ಮಾತಿನ ಮೇಲೆ. ಪುಟ್ಟಿಯ ಮನಸ್ಸು ಈಗ ಎತ್ತರ ಒಂದನ್ನೇ ಹಿಡಿದುಕೊಳ್ಳುತ್ತದೆ. ಗ್ಲಾಸು ಸಪೂರ ಇದೆ ಎಂಬುದನ್ನೂ ಅದರ ಜೊತೆಗೇ ಹಿಡಿಯುವುದು, ಸುರಿದದ್ದನ್ನು ಮನಸ್ಸಿನಲ್ಲೇ ವಾಪಸ್ ಸುರಿದು ನೋಡುವುದು ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಕೆಲವರಿಗೆ ಬೇಗ, ಕೆಲವರಿಗೆ ತಡ.

ಹಾಗಾದರೆ ಸಂತೆಯಲ್ಲಿ ಹೇಗೆ ಬಂತು? ಅಲ್ಲಿ ಮೀನು ಕಣ್ಣೆದುರಿಗೆ ಇತ್ತು, ಲೆಕ್ಕಕ್ಕೊಂದು ಕಾರಣವೂ ಇತ್ತು. ಇದನ್ನು ನಾನು ಸುಮ್ನೆ ಸಮಾಧಾನಕ್ಕೆ ಹೇಳಲಿಲ್ಲ. ಬ್ರೆಜಿಲ್ಲಿನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ 9ರಿಂದ 15 ವರ್ಷದ ಐವರು ಮಕ್ಕಳ ಬಗ್ಗೆ 1985ರಲ್ಲಿ ಒಂದು ಅಧ್ಯಯನ ಬಂತು. ವ್ಯಾಪಾರದ ನಡುವೆ ಕೇಳಿದ ನೂರಕ್ಕೆ 98 ಲೆಕ್ಕ ಸರಿ. ಅಂಥವೇ ಲೆಕ್ಕಗಳನ್ನು ಬರೀ ಅಂಕಿಯಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಆ ಮಕ್ಕಳು ಪುಟ್ಟಿಗಿಂತ ದೊಡ್ಡವರು, ಇರುವವರು ಐದೇ ಮಂದಿ. ಆದರೂ ಅಪ್ಪನಿಗೆ ಹೇಳಲೇಬೇಕು ಅನಿಸಿತು.

ನಾನು ಹೇಳಿದ್ದು ಹೆಚ್ಚೇನಿಲ್ಲ. ಮೊದಲು ಕೈ ಬಿಡಿಸಿ. ಈ ವಯಸ್ಸಿನಲ್ಲಿ ಬೆರಳೇ ಅವಳ ಸ್ಲೇಟು. ಎಣಿಸಿ ಎಣಿಸಿ ಲೆಕ್ಕ ಬಾಯಿಗೆ ಬಂದ ಮೇಲೆ ಬೆರಳು ತಾನಾಗಿ ಹಿಂದೆ ಸರಿಯುತ್ತದೆ. ಹೊಡೆಯುವುದು ಇವತ್ತಿಗೇ ನಿಲ್ಲಬೇಕು. ಹೆದರಿದ ಮಗುವಿನ ಗಮನವೆಲ್ಲ ಮುಂದಿನ ಏಟಿನ ಮೇಲೆ ಇರುತ್ತದೆ, ಲೆಕ್ಕಕ್ಕೆ ಜಾಗ ಎಲ್ಲಿ? ದಿನಕ್ಕೆ ಕಾಲು ಗಂಟೆ ಸಾಕು. ಹುಣಸೆ ಬೀಜ ಹರಡಿ 13 ಎಣಿಸಲಿ, 5 ಪಕ್ಕಕ್ಕೆ ತೆಗೆಯಲಿ. ಅದರ ಚಿತ್ರ ಬಿಡಿಸಲಿ, ಕೊನೆಗೆ ಅಂಕಿ ಬರೆಯಲಿ. ಸಿಕ್ಕಿಹಾಕಿಕೊಂಡರೆ ಉತ್ತರ ಹೇಳಬೇಡಿ, ಮುಂದಿನ ಒಂದು ಹೆಜ್ಜೆ ಮಾತ್ರ ತೋರಿಸಿ. ಅಜ್ಜಿ ಸಂತೆಯಲ್ಲಿ ಮಾಡುತ್ತಿರುವುದು ಇದೇ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ಇದನ್ನೇ ಹೇಳಿದ್ದು: ಮಗು ಇವತ್ತು ದೊಡ್ಡವರ ನೆರವಿನಿಂದ ಮಾಡಿದ್ದನ್ನು ನಾಳೆ ತಾನೇ ಮಾಡುತ್ತದೆ. ಅಜ್ಜಿಗೆ ಆ ಹೆಸರು ಬೇಕಾಗಿಲ್ಲ, ಆದರೆ ಅವರ ಕೆಲಸಕ್ಕೆ ಗೌರವ ಸಿಗಬೇಕು.

ತಿರುವುಮುರುವು ಅಂಕಿಯ ಬಗ್ಗೆ ಈಗಲೇ ಚಿಂತೆ ಬೇಡ ಎಂದೆ. ಈ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಹಾಗೆ ಬರೆಯುತ್ತಾರೆ. ಎಂಟು ತುಂಬಿದ ಮೇಲೂ ಉಳಿದು, ಓದುವುದೂ ಕಷ್ಟವಾದರೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸೋಣ. ಕಣ್ಣು, ಕಿವಿ ಮಾತ್ರ ಈ ತಿಂಗಳೇ ತೋರಿಸಿ ಎಂದು ಒತ್ತಿ ಹೇಳಿದೆ. ಕ್ಲಾಸ್ ಟೀಚರಿಗೂ ಒಂದು ಪತ್ರ ಬರೆದುಕೊಟ್ಟೆ.

ಚೌತಿ ಮುಗಿದ ಮೇಲೆ ಅಮ್ಮ ಕರೆದುಕೊಂಡು ಬಂದರು. ಅಪ್ಪ ಕಡಲಲ್ಲಿದ್ದರು. ಪುಟ್ಟಿಗೆ ಕನ್ನಡಕ ಬಂದಿತ್ತು. ದೂರದ್ದು ಮಸುಕಾಗಿ ಕಾಣುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. 3 ಇನ್ನೂ ಆಗಾಗ ತಿರುಗುತ್ತದೆ. ಟೀಚರು ತರಗತಿಯಲ್ಲಿ ಬೀಜ ಇಟ್ಟುಕೊಳ್ಳಲು ಬಿಟ್ಟಿದ್ದಾರೆ, ಪರೀಕ್ಷೆಯಲ್ಲಿ ಬಿಟ್ಟಿಲ್ಲ. ಅದಕ್ಕಾಗಿ ಇನ್ನೊಮ್ಮೆ ಅವರ ಜೊತೆ ಮಾತಾಡಬೇಕು.

ಪುಟ್ಟಿಯ ಕೈಗಳು ಮೇಜಿನ ಮೇಲಿದ್ದವು. ಶರಬತ್ತಿನ ಲೋಟ ಮತ್ತೆ ತಂದೆ. "ಎತ್ತರದ್ರಲ್ಲೇ ಜಾಸ್ತಿ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ವಾಪಸ್ ಹಾಕಿ ನೋಡ್ಲಾ?" ಎಂದು ಕೇಳಿದಳು. ಲೋಟಕ್ಕೆ ಸುರಿದಳು, ಗ್ಲಾಸಿಗೆ ಸುರಿದಳು, ಮತ್ತೆ ಲೋಟಕ್ಕೆ. ಮೂರನೇ ಸಲ ಕೈ ತಪ್ಪಿ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತು.

"ಆಗ ಎರಡೂ ಅಷ್ಟೇ ಇತ್ತು," ಅಂದಳು. "ಈಗ ಕಮ್ಮಿ ಆಯ್ತು."