ಕ್ರಿಸ್ಮಸ್ ಅಂದರೆ ಯೇಸುವಿನ ಹುಟ್ಟುಹಬ್ಬ ಅಷ್ಟೇನಾ? ಕ್ರೈಸ್ತರಿಗೆ ಅದರ ಆಧ್ಯಾತ್ಮಿಕ ಅರ್ಥವೇನು?

ಬರೀ ಹುಟ್ಟುಹಬ್ಬವಾಗಿದ್ದರೆ ತಾರೀಖು ಮುಖ್ಯವಾಗುತ್ತಿತ್ತು. ಬೈಬಲಿನಲ್ಲಿ ಯೇಸು ಹುಟ್ಟಿದ ದಿನವಾಗಲಿ ತಿಂಗಳಾಗಲಿ ಎಲ್ಲೂ ಇಲ್ಲ. ರೋಮಿನಲ್ಲಿ ಡಿಸೆಂಬರ್ 25ರ ಆಚರಣೆ ನಾಲ್ಕನೇ ಶತಮಾನದ ಹೊತ್ತಿಗೆ ರೂಢಿಗೆ ಬಂತು. ಅರ್ಮೇನಿಯಾದ ಕ್ರೈಸ್ತರು ಇವತ್ತಿಗೂ ಜನವರಿ 6ರಂದೇ ಆಚರಿಸುತ್ತಾರೆ. ಇದರಿಂದ ನಮ್ಮ ನಂಬಿಕೆಗೇನೂ ಕುಂದಿಲ್ಲ. ಯಾವತ್ತು ಹುಟ್ಟಿದ ಅನ್ನುವುದಕ್ಕಿಂತ ಹುಟ್ಟಿದ್ದು ಯಾರು ಅನ್ನುವುದೇ ನಮಗೆ ಹಬ್ಬ.

ನಾನು ಮಂಗಳೂರು ಕಡೆಯ ಕಥೋಲಿಕ. ನನಗೆ ಗೊತ್ತಿರುವ ಆಚರಣೆಯನ್ನೇ ಹಿಡಿದು ಹೇಳುತ್ತೇನೆ.

ಲೋಕವನ್ನು ಸೃಷ್ಟಿಸಿದ ದೇವರೇ ಮನುಷ್ಯನಾದ ಅನ್ನುವುದು ನಮ್ಮ ವಿಶ್ವಾಸ. ಹಸಿವು, ನಿದ್ದೆ, ಅಳು, ಕಡೆಗೆ ಸಾವು, ಯಾವುದರಿಂದಲೂ ಅವನು ತಪ್ಪಿಸಿಕೊಳ್ಳಲಿಲ್ಲ. ಯೇಸು ದೇವರ ಸೃಷ್ಟಿಗಳಲ್ಲಿ ಶ್ರೇಷ್ಠನಷ್ಟೇ ಎಂದು ಆರಿಯಸ್ ಎಂಬ ಗುರು ವಾದಿಸಿದಾಗ, 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರು ಅದನ್ನು ತಳ್ಳಿಹಾಕಿದರು. ಆ ಸಭೆಯಿಂದ ಮೊದಲಾದ ವಿಶ್ವಾಸ ಸಂಗ್ರಹವನ್ನು, ಅಂದರೆ ನಮ್ಮ ನಂಬಿಕೆಯ ಸಾರವನ್ನು ಹೇಳುವ ಪ್ರಾರ್ಥನೆಯನ್ನು, ನಾವು ಭಾನುವಾರದ ಪೂಜೆಯಲ್ಲಿ ಹೇಳುತ್ತೇವೆ. ‘ಮನುಷ್ಯನಾದನು’ ಎಂಬ ಸಾಲು ಬಂದಾಗ ಸಾಮಾನ್ಯವಾಗಿ ತಲೆ ಬಾಗಿಸುತ್ತೇವೆ. ಆದರೆ ಕ್ರಿಸ್ಮಸ್ ಪೂಜೆಯಲ್ಲಿ ಎಲ್ಲರೂ ಮೊಣಕಾಲೂರಬೇಕು. ಹೊಸ ಬಟ್ಟೆ ಹಾಕಿಕೊಂಡು ಬಂದವರೆಲ್ಲ ಒಟ್ಟಿಗೆ ಕೆಳಗಿಳಿಯುವ ಆ ಕೆಲವೇ ಕ್ಷಣಗಳಲ್ಲಿ ಈ ಹಬ್ಬದ ಅರ್ಥ ಇಡಿಯಾಗಿ ಇದೆ ಅನ್ನಿಸುತ್ತದೆ ನನಗೆ. ದೇವರು ಇಳಿದು ಬಂದ, ನಾವೂ ಇಳಿಯಬೇಕು.

ಎಲ್ಲಿಗೆ ಇಳಿದ ಅನ್ನುವುದನ್ನು ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಲೂಕನ ಶುಭಸಂದೇಶ ಹೇಳುತ್ತದೆ. ರೋಮಿನ ಚಕ್ರವರ್ತಿ ಅಗಸ್ತನ ಜನಗಣತಿಗೆಂದು ಜೋಸೆಫ್ ತುಂಬು ಗರ್ಭಿಣಿ ಮರಿಯಳೊಂದಿಗೆ ಬೆತ್ಲೆಹೇಮಿಗೆ ಹೋಗುತ್ತಾನೆ. ಛತ್ರದಲ್ಲಿ ಜಾಗವಿಲ್ಲ. ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನಗಳು ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸುತ್ತಾರೆ. ಸುದ್ದಿ ಮೊದಲು ಮುಟ್ಟುವುದು ಅರಮನೆಗಲ್ಲ, ಬಯಲಲ್ಲಿ ರಾತ್ರಿಯೆಲ್ಲ ಕುರಿ ಕಾಯುತ್ತಿದ್ದವರಿಗೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಎತ್ತು, ಕತ್ತೆ, ಒಣಹುಲ್ಲು ತರಿಸಿ ಇದನ್ನೇ ಜನರ ಕಣ್ಣೆದುರು ಇಟ್ಟರು. ಆ ಕೂಸು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕು ಅನ್ನುವುದು ಅವರ ಹಂಬಲವಾಗಿತ್ತು.

ನಮ್ಮ ಮನೆಯಲ್ಲೂ ಈ ದೃಶ್ಯವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿ ಕಟ್ಟುತ್ತೇವೆ. ಡಿಸೆಂಬರ್ ನಡುವಿಗೆ ತಟ್ಟೆಯಲ್ಲಿ ರಾಗಿ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲುಗಾವಲು ಸಿದ್ಧ. ಮರಿಯಾ, ಜೋಸೆಫ್, ಕುರುಬರು ಎಲ್ಲರನ್ನೂ ಮೊದಲೇ ನಿಲ್ಲಿಸಿರುತ್ತೇವೆ. ಬಾಲಯೇಸುವಿನ ಜಾಗ ಮಾತ್ರ 24ರ ರಾತ್ರಿಯವರೆಗೆ ಖಾಲಿ. ‘ಪಾಪು ಯಾವಾಗ ಬರುತ್ತೆ?’ ಅಂತ ಮಕ್ಕಳು ದಿನಾ ಕೇಳುತ್ತಾರೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲ ಇರುವುದೇ ಹಾಗೆ ಕಾಯುವುದಕ್ಕೆ. ಆಗ ಗುರುಗಳ ಪೂಜಾವಸ್ತ್ರ ಪಶ್ಚಾತ್ತಾಪದ ಬಣ್ಣವಾದ ನೇರಳೆ. ಗುರುಗಳೆದುರು ಪಾಪಗಳನ್ನು ಹೇಳಿಕೊಳ್ಳುವ ಪಾಪನಿವೇದನೆಗೆ ಸಾಲು ನಿಂತಿರುತ್ತದೆ. ಕೇಕು, ನಕ್ಷತ್ರ, ಕುಸ್ವಾರ್ ಎನ್ನುವ ನಮ್ಮ ಕಡೆಯ ಕ್ರಿಸ್ಮಸ್ ತಿಂಡಿಗಳು ಎಲ್ಲವೂ ನನಗಿಷ್ಟವೇ, ಆದರೆ ಈ ಕಾಯುವಿಕೆ ಇಲ್ಲದ ಕ್ರಿಸ್ಮಸ್ ನನಗೆ ಸಪ್ಪೆ.

ಇದರಿಂದ ಬದುಕಿಗೇನು ಎಂದು ನೀವು ಕೇಳಬಹುದು. ಅಮ್ಮ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ‘ನನ್ನ ನೋವು ನಿನಗೇನು ಗೊತ್ತು’ ಎಂದು ದೇವರಿಗೆ ಹೇಳಲು ನನ್ನಿಂದ ಆಗಲಿಲ್ಲ. ಅವನಿಗೆ ಗೊತ್ತು, ಮೈಯಲ್ಲಿ ಅನುಭವಿಸಿದವನು ಅವನು. ದೇವರು ನಮ್ಮೊಂದಿಗಿದ್ದಾನೆ ಎಂದು ಮತ್ತಾಯನು ತನ್ನ ಶುಭಸಂದೇಶದಲ್ಲಿ ಬರೆದದ್ದು ನನಗೆ ಅರ್ಥವಾಗಿರುವುದು ಹೀಗೆ.

ಇನ್ನೊಂದು ವಿಷಯ ಹೊರಗಿನವರ ಗಮನಕ್ಕೆ ಬರುವುದು ಕಡಿಮೆ. ಹಬ್ಬದ ಮರುದಿನವೇ, 26ಕ್ಕೆ, ಯೇಸುವಿನ ಮೇಲಿನ ನಂಬಿಕೆಗಾಗಿ ಕಲ್ಲೇಟಿಗೆ ಸತ್ತ ಮೊದಲ ರಕ್ತಸಾಕ್ಷಿ ಸ್ತೇಫನನ ಸ್ಮರಣೆ. 28ಕ್ಕೆ, ಬಾಲಯೇಸುವನ್ನು ಮುಗಿಸಲೆಂದು ಹೆರೋದ ಅರಸ ಕೊಲ್ಲಿಸಿದ ಬೆತ್ಲೆಹೇಮಿನ ಹಸುಳೆಗಳ ಸ್ಮರಣೆ. ಇಷ್ಟು ಬೇಗ ರಕ್ತದ ಮಾತೇಕೆ ಎಂದು ಚಿಕ್ಕವನಿದ್ದಾಗ ಬೇಸರವಾಗುತ್ತಿತ್ತು. ಈಗ ಆ ದಿನಗಳ ಪೂಜೆಗೂ ತಪ್ಪದೆ ಹೋಗುತ್ತೇನೆ, ಏಕೆಂದರೆ ದೇವರು ಹುಟ್ಟಿ ಬಂದದ್ದು ಇಂಥದ್ದೆಲ್ಲ ನಡೆಯುವ ಈ ಲೋಕಕ್ಕೇ.