ಅಮ್ಮನಿಂದ ಮುಚ್ಚಿಟ್ಟ ರೋಗದ ಹೆಸರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರು 38 ವರ್ಷದ ಮಹಿಳೆ. ಅವರ ತಾಯಿಗೆ ತಿಂಗಳುಗಟ್ಟಲೆ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಸಾಕೆನಿಸುವುದು, ಪದೇ ಪದೇ ಮೂತ್ರಕ್ಕೆ ಅವಸರ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಿದ್ದರು. ಕೊನೆಗೆ ಪತ್ತೆಯಾದದ್ದು ಮೂರನೇ ಹಂತದ ಅಂಡಾಶಯದ ಕ್ಯಾನ್ಸರ್. ಕಿಮೊಥೆರಪಿ ಶುರುವಾಗಿದ್ದರೂ ಮನೆಯವರು ತಾಯಿಗೆ ‘ಗಡ್ಡೆ, ಔಷಧಿಗೆ ಕರಗುತ್ತದೆ’ ಎಂದಷ್ಟೇ ಹೇಳಿದ್ದರು.

ಮಗಳ ಬಳಿ ಒಂದು ಲೆಕ್ಕವಿತ್ತು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 47,000 ಮಹಿಳೆಯರಿಗೆ ಈ ಕಾಯಿಲೆ ಬರುತ್ತದೆ, ಸುಮಾರು 33,000 ಮಂದಿ ಸಾಯುತ್ತಾರೆ. “ಹತ್ತರಲ್ಲಿ ಏಳು ಜನ ಉಳಿಯುವುದಿಲ್ಲ. ಇದನ್ನು ಅಮ್ಮನಿಗೆ ಹೇಗೆ ಹೇಳಲಿ ಮೇಡಂ?”

ಆ 33,000 ಮಂದಿಯಲ್ಲಿ ಬಹುಪಾಲು ಹಿಂದಿನ ವರ್ಷಗಳಲ್ಲಿ ರೋಗ ಕಂಡವರು. ಒಂದನ್ನು ಇನ್ನೊಂದರಿಂದ ಭಾಗಿಸಿ ಒಬ್ಬರ ಆಯಸ್ಸು ಹೇಳಲಾಗದು ಎಂದು ವಿವರಿಸಿದೆ. ನಮ್ಮಲ್ಲಿ ಈ ರೋಗ ತಡವಾಗಿ ಸಿಕ್ಕಿಬೀಳುತ್ತದೆ ಎಂಬುದನ್ನಂತೂ ಆ ಸಂಖ್ಯೆಗಳು ಹೇಳುತ್ತವೆ. ಮೊದಲ ಹಂತದಲ್ಲೇ ಚಿಕಿತ್ಸೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಐದು ವರ್ಷ ದಾಟುತ್ತಾರೆ. ಹೊಟ್ಟೆಯೊಳಗೆ ಹರಡಿದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇದನ್ನು ನಾನು ಮರೆಮಾಚಲಿಲ್ಲ. ಅವರ ತಾಯಿಯ ಮಟ್ಟಿಗೆ, ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಎಷ್ಟು ಪೂರ್ತಿಯಾಗಿ ಹೊರಬರುತ್ತದೆ, ಔಷಧಿಗೆ ಎಷ್ಟು ಬಗ್ಗುತ್ತದೆ ಎಂಬುದೇ ಮುಂದಿನ ಮುಖ್ಯ ಪ್ರಶ್ನೆ.

ಮಗಳಿಗೆ ತನ್ನ ಭಯವೂ ಇತ್ತು. ಗುಟ್ಟಾಗಿ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಿಸುತ್ತಲೇ ಇದ್ದರು. ಮುಟ್ಟು, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಿಂದಲೂ ಅದು ಏರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷ ಮಹಿಳೆಯರ ಮೇಲೆ ನಡೆದ ದೀರ್ಘ ಅಧ್ಯಯನದಲ್ಲೂ ಇಂಥ ತಪಾಸಣೆ ಸಾವನ್ನು ತಗ್ಗಿಸಲಿಲ್ಲ. ಅದರ ಅಂತಿಮ ಫಲಿತಾಂಶ 2021ರಲ್ಲಿ ಬಂತು. ಆ ರಕ್ತಪರೀಕ್ಷೆ ನಿಲ್ಲಿಸಿ ಎಂದೆ. ಬೇಕಾದದ್ದು ಅಂಡಾಶಯ, ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ದೋಷವನ್ನು ಹುಡುಕುವ ಬಿಆರ್‌ಸಿಎ ವಂಶವಾಹಿ ಪರೀಕ್ಷೆ. ಅದನ್ನು ಮೊದಲು ಮಾಡಿಸಬೇಕಾದವರು ರೋಗವಿರುವ ತಾಯಿ, ಅದೂ ತಿಳಿದು ಒಪ್ಪಿ. ರೋಗದ ಹೆಸರನ್ನೇ ಹೇಳದೆ ಆ ಒಪ್ಪಿಗೆ ಕೇಳುವುದು ಹೇಗೆ? ತಾಯಿಗೆ ತಿಳಿಯಲೇಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ.

“ನಿಮ್ಮ ಕಾಯಿಲೆಯ ಬಗ್ಗೆ ಎಷ್ಟು ತಿಳಿಯಬೇಕೆಂದಿದ್ದೀರಿ?” ಎಂದು ತಾಯಿಯನ್ನೇ ಕೇಳಿದೆ. “ಕೂದಲು ಉದುರಿದಾಗಲೇ ಗೊತ್ತಾಯಿತು. ಕೇಳಿದರೆ ಇವಳು ಅಳುತ್ತಾಳೆಂದು ಸುಮ್ಮನಿದ್ದೆ” ಎಂದರು. ಪರೀಕ್ಷೆಗೆ ತಾವೇ ಒಪ್ಪಿದರು.

ಬಿಆರ್‌ಸಿಎ-1ರಲ್ಲಿ ದೋಷ ಕಂಡಿತು. ಮಕ್ಕಳಿಗೆ ಅದು ಬಂದಿರುವ ಸಾಧ್ಯತೆ ತಲಾ ಅರ್ಧ. ಮಗಳಿಗೂ ಇದ್ದರೆ ಅಂಡಾಶಯ, ಅಂಡನಾಳಗಳನ್ನು ತೆಗೆಸುವ ಮಾತು ಬರುತ್ತದೆ. ಬಿಆರ್‌ಸಿಎ-1 ಇರುವವರಿಗೆ ಸಾಮಾನ್ಯವಾಗಿ 35ರಿಂದ 40ರೊಳಗೆ, ಮಕ್ಕಳಾದ ಮೇಲೆ ಇದನ್ನು ಸೂಚಿಸುತ್ತಾರೆ. ಮುಟ್ಟು ಬೇಗ ನಿಲ್ಲುವುದರ ಕಷ್ಟಗಳನ್ನೂ ತೂಗಿನೋಡಿ, ಗಂಡನೊಂದಿಗೆ ಮಾತಾಡಿಯೇ ಪರೀಕ್ಷೆಗೆ ಬನ್ನಿ ಎಂದೆ. ತಮ್ಮನಿಗೂ ತಿಳಿಸಬೇಕು: ಗಂಡಸರೂ ಈ ದೋಷವನ್ನು ಹೆಣ್ಣುಮಕ್ಕಳಿಗೆ ದಾಟಿಸಬಲ್ಲರು, ಅವನಿಗೆ ಮಗಳಿದ್ದಾಳೆ.